ಮೂಗಿನ ಸ್ಲೈಡ್‌ನಲ್ಲಿ ಸಿಲಿಯಾ ಕಾಣುತ್ತಿಲ್ಲ, ಬಾಯಿಯ ಸ್ಲೈಡ್‌ನಲ್ಲಿ ನ್ಯೂಕ್ಲಿಯಸ್ ಇಲ್ಲ (ಪರಿಹಾರ ಸಿಕ್ಕಿದೆ)

ಹೊಸಮಸೂರ

ಎಲ್ಲರಿಗೂ ನಮಸ್ಕಾರ. ಮೈಕ್ರೋಸ್ಕೋಪ್ ತಗೊಂಡು ಮೂರು ತಿಂಗಳಾಯ್ತು. 4, 10, 40 ಮತ್ತು ಎಣ್ಣೆ ಹಾಕಿ ನೋಡುವ 100 ಪಟ್ಟಿನ ಅಬ್ಜೆಕ್ಟಿವ್ (ಸ್ಲೈಡ್ ಕಡೆಯ ಮಸೂರ) ಇವೆ, ಕೆಳಗೆ ಎಲ್‌ಇಡಿ ದೀಪ. ಜೊತೆಗೆ ಕೊಂಡ ರೆಡಿಮೇಡ್ ಸ್ಲೈಡ್‌ಗಳ ಪೆಟ್ಟಿಗೆಯಲ್ಲಿ ‘ಮೂಗಿನ ಲೋಳೆಪೊರೆ’, ‘ಬಾಯಿಯ ಲೋಳೆಪೊರೆ’ ಎಂಬ ಎರಡು ಸ್ಲೈಡ್ ಇವೆ. ಎರಡೂ ಗುಲಾಬಿ-ನೇರಳೆ ಬಣ್ಣ, ಹಿಮಟಾಕ್ಸಿಲಿನ್ (ನ್ಯೂಕ್ಲಿಯಸ್‌ಗೆ ನೀಲಿ-ನೇರಳೆ ಬಣ್ಣ ಕೊಡುವುದು) ಮತ್ತು ಇಯೋಸಿನ್ (ಉಳಿದದ್ದಕ್ಕೆ ಗುಲಾಬಿ) ಇರಬೇಕು. ಒಂದು ವಾರದಿಂದ ಇವೆರಡರ ಹಿಂದೆ ಬಿದ್ದಿದ್ದೇನೆ. ಓದಿದ್ದಕ್ಕೂ ಕಣ್ಣಿಗೆ ಬೀಳುವುದಕ್ಕೂ ತಾಳೆಯೇ ಆಗುತ್ತಿಲ್ಲ.

ಮೂಗಿನ ಪೊರೆಯಲ್ಲಿ ಒಂದೇ ಸಾಲು ಕೋಶಗಳು, ತುದಿಯಲ್ಲಿ ಸಿಲಿಯಾ ಎಂಬ ಅಲುಗುವ ಸೂಕ್ಷ್ಮ ಎಳೆಗಳು, ನಡುನಡುವೆ ಲೋಳೆ ಸುರಿಸುವ ಗಾಬ್ಲೆಟ್ ಕೋಶಗಳು ಎಂದು ಓದಿದ್ದೆ. ನನ್ನ ಸ್ಲೈಡ್‌ನಲ್ಲಿ ನ್ಯೂಕ್ಲಿಯಸ್‌ಗಳು ನಾಲ್ಕೈದು ಸಾಲು ಒಂದರ ಮೇಲೊಂದು ನಿಂತಿವೆ. ಸಿಲಿಯಾ ಎಲ್ಲೂ ಇಲ್ಲ. ಅಲ್ಲಲ್ಲಿ ಬಿಳಿ ತೂತುಗಳಿವೆ, ಹರಿದಿದೆಯೋ ಏನೋ. ಇನ್ನೊಂದು ತುದಿಗೆ ಹೋದರೆ ಅದು ಮೂಗೇ ಅಲ್ಲ ಅನ್ನಿಸುತ್ತದೆ: ಚರ್ಮದ ಹಾಗೆ ದಪ್ಪ ಪದರ, ಕೂದಲಿನ ಬುಡ ಕೂಡ ಕಾಣುತ್ತದೆ.

ಬಾಯಿಯ ಸ್ಲೈಡ್‌ನಲ್ಲಿ ಮೇಲ್ಗಡೆ ಗುಲಾಬಿ ಪಟ್ಟಿ, ಅದರಲ್ಲಿ ಒಂದೇ ಒಂದು ನ್ಯೂಕ್ಲಿಯಸ್ ಇಲ್ಲ. ಆದರೆ ನನ್ನದೇ ಕೆನ್ನೆಯ ಒಳಭಾಗದಿಂದ ಹತ್ತಿಕಡ್ಡಿಯಲ್ಲಿ ಕೋಶ ತೆಗೆದು ಮೆಥಿಲೀನ್ ಬ್ಲೂ ಹಾಕಿ ನೋಡಿದರೆ ಪ್ರತಿ ಕೋಶದಲ್ಲೂ ನೀಲಿ ಚುಕ್ಕೆಯಂತೆ ನ್ಯೂಕ್ಲಿಯಸ್ ಇದೆ. ಎರಡೂ ಬಾಯಿಯೇ ಅಲ್ಲವೇ?

40ರಲ್ಲಿ ಎಲ್ಲವೂ ಮಂಜು ಮಂಜು. 10ರಲ್ಲಿ ಸ್ಪಷ್ಟವಾಗಿದೆ. ಸ್ಲೈಡ್ ಮಾಡಿದವರು ತಪ್ಪು ಮಾಡಿದ್ದಾರೋ, ನಾನು ನೋಡುವುದು ತಪ್ಪೋ ತಿಳಿಯುತ್ತಿಲ್ಲ.

ಗಾಜುಪಟ್ಟಿ

ಮೊದಲು ಮಂಜು ತೆಗೆಯೋಣ. ಅದು ಇರುವ ತನಕ ಸಿಲಿಯಾ ಇದೆಯೋ ಇಲ್ಲವೋ ಎಂಬ ಮಾತಿಗೆ ಅರ್ಥವಿಲ್ಲ.

10ರಲ್ಲಿ ಸರಿ, 40ರಲ್ಲಿ ಮಂಜು ಎಂದರೆ ಸಾಮಾನ್ಯವಾಗಿ ಎರಡರಲ್ಲೊಂದು. ಸ್ಲೈಡ್ ತಲೆಕೆಳಗಾಗಿರಬಹುದು. 40ರ ಮಸೂರವನ್ನು 0.17 ಮಿಲಿಮೀಟರ್ ದಪ್ಪದ ಕವರ್‌ಸ್ಲಿಪ್‌ಗೆ ಲೆಕ್ಕ ಹಾಕಿ ಮಾಡಿರುತ್ತಾರೆ. ಸ್ಲೈಡ್ ಗಾಜು ಸುಮಾರು 1 ಮಿಲಿಮೀಟರ್ ದಪ್ಪ. ಅಡಿಮೇಲಾಗಿ ಇಟ್ಟರೆ 10 ಹೇಗೋ ಸುಧಾರಿಸಿಕೊಳ್ಳುತ್ತದೆ, 40 ಸುಧಾರಿಸುವುದಿಲ್ಲ. ಇಲ್ಲವಾದರೆ 40ರ ಮುಂಭಾಗಕ್ಕೆ ಎಣ್ಣೆ ತಗುಲಿದೆ. 100 ಬಳಸಿ, ಎಣ್ಣೆ ಒರೆಸದೆ ಟರೆಟ್ (ಅಬ್ಜೆಕ್ಟಿವ್‌ಗಳನ್ನು ಹೊತ್ತ ತಿರುಗುವ ತಟ್ಟೆ) ತಿರುಗಿಸಿದರೆ 40 ಆ ಎಣ್ಣೆಯ ಮೇಲೇ ಹಾದು ಹೋಗುತ್ತದೆ. ಬರಿಗಣ್ಣಿಗೆ ಗೊತ್ತಾಗುವುದಿಲ್ಲ. ಒಂದು ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಕಳಚಿ, ತಿರುವು ಮುರುವು ಹಿಡಿದು ಭೂತಗನ್ನಡಿಯಂತೆ ಬಳಸಿ ಅಬ್ಜೆಕ್ಟಿವ್‌ನ ತುದಿ ನೋಡಿ.

ಕಂಡೆನ್ಸರ್‌ನ, ಅಂದರೆ ಸ್ಲೈಡ್ ಕೆಳಗೆ ಬೆಳಕು ಕೂಡಿಸುವ ಮಸೂರದ, ಡಯಾಫ್ರಮ್ (ಬೆಳಕಿನ ಕಿಂಡಿ) ಎಷ್ಟು ತೆರೆದಿದ್ದೀರಿ ಎಂದೂ ಹೇಳಿ.

ಹೊಸಮಸೂರ

ಎಣ್ಣೆಯೇ! ಐಪೀಸ್‌ನಲ್ಲಿ ನೋಡಿದೆ, 40ರ ತುದಿಯಲ್ಲಿ ಜಿಡ್ಡಿನ ಪೊರೆ ಹೊಳೆಯುತ್ತಿತ್ತು. ಹೋದ ವಾರ 100 ಬಳಸಿದ್ದು ನೆನಪಾಯಿತು. ಮೊದಲು ಲೆನ್ಸ್ ಕಾಗದದಿಂದ ಒತ್ತಿ ತೆಗೆದೆ, ಆಮೇಲೆ ಹೊಸ ಕಾಗದಕ್ಕೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಒರೆಸಿದೆ. ಡಯಾಫ್ರಮ್ ಪೂರ್ತಿ ತೆರೆದಿತ್ತು, ಈಗ ಮುಕ್ಕಾಲು ಭಾಗಕ್ಕೆ ತಂದಿದ್ದೇನೆ.

ಮಂಜು ಹೋಯಿತು. ಮೂಗಿನ ಸ್ಲೈಡ್‌ನ ಅಂಚಿನಲ್ಲಿ ಈಗ ಮಖಮಲ್ಲಿನ ಅಂಚಿನಂಥ ಮಸುಕು ಗುಲಾಬಿ ಎಳೆ ಕಾಣುತ್ತಿದೆ. ಅದರ ಬುಡದಲ್ಲಿ ತೆಳು ಗಾಢ ಗೆರೆ. ಬಿಡಿ ಬಿಡಿ ಕೂದಲುಗಳಂತೆ ಕಾಣುವುದಿಲ್ಲ. ಇದೇನಾ ಸಿಲಿಯಾ? ಆದರೂ ನಾಲ್ಕೈದು ಸಾಲಿನ ಪ್ರಶ್ನೆ ಹಾಗೇ ಉಳಿದಿದೆ.

ಕೆರೆನೀರು

ನನಗೆ ಅದು ಶ್ವಾಸನಾಳದ ಸ್ಲೈಡ್ ಇರಬಹುದು ಅನ್ನಿಸುತ್ತದೆ. ಅಲ್ಲೂ ಇದೇ ಬಗೆಯ ಸಿಲಿಯಾ ಪೊರೆ ಇರುತ್ತದೆ. ನನ್ನ ಪೆಟ್ಟಿಗೆಯೊಂದರಲ್ಲಿ ಹೆಸರುಗಳು ಅದಲು ಬದಲಾಗಿದ್ದವು. ಕೆಳಗೆ ಮೃದ್ವಸ್ಥಿ ಕಂಡರೆ ಶ್ವಾಸನಾಳವೇ ಎಂದು ತಿಳಿಯಿರಿ.

ಪ್ಯಾರಾಫಿನ್

ಮೃದ್ವಸ್ಥಿಯಿಂದ ತೀರ್ಮಾನ ಮಾಡಬೇಡಿ, ಮೂಗಿನ ನಡುಗೋಡೆಯಲ್ಲೂ ಅದೇ ಜಾತಿಯ ಮೃದ್ವಸ್ಥಿ ಇದೆ. ನಾನು ಅಂಗಾಂಶ ಕತ್ತರಿಸಿ ಸ್ಲೈಡ್ ಮಾಡುವ ಕೆಲಸದಲ್ಲಿ ಬಹಳ ವರ್ಷ ಇದ್ದವಳು. ಈ ಗೊಂದಲ ಹೊಸಬರಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹೊಸಮಸೂರ ಅವರೇ, ನಿಮ್ಮನ್ನು ಕಂಗೆಡಿಸಿದ ಆ ‘ಚರ್ಮದಂಥ’ ತುದಿಯೇ ಇದು ಮೂಗು ಎನ್ನುವುದಕ್ಕೆ ಸಾಕ್ಷಿ. ಹೊಳ್ಳೆಯ ಮೊಗಸಾಲೆ, ಅಂದರೆ ಬೆರಳಿಗೆ ಎಟುಕುವ ಮುಂಭಾಗ, ಒಳಕ್ಕೆ ಮಡಚಿಕೊಂಡ ಚರ್ಮವೇ. ಕೆರಾಟಿನ್ (ಚರ್ಮ, ಉಗುರಿನಲ್ಲಿರುವ ಗಡುಸು ಪ್ರೋಟೀನ್) ಹೊದ್ದ ಹಲವು ಪದರಗಳು, ಗಡುಸು ಕೂದಲು, ಆ ಕೂದಲಿನ ಪಕ್ಕದಲ್ಲಿ ಜಿಡ್ಡಿನ ಗ್ರಂಥಿ. ಶ್ವಾಸನಾಳದಲ್ಲಿ ಕೂದಲಿನ ಬುಡ ಇರಲು ಸಾಧ್ಯವೇ ಇಲ್ಲ. ಒಂದೇ ತುಂಡಿನಲ್ಲಿ ಕೂದಲೂ ಸಿಲಿಯಾವೂ ಇದ್ದರೆ ಅದು ಮೂಗು.

ಈಗ 10ರಲ್ಲಿ ಇಟ್ಟು ಕೂದಲಿನ ತುದಿಯಿಂದ ಸಿಲಿಯಾ ಕಡೆಗೆ ಅಂಚನ್ನೇ ಹಿಡಿದು ನಿಧಾನವಾಗಿ ಸಾಗಿ. ಮೊದಲು ಕೆರಾಟಿನ್ ತೆಳುವಾಗಿ ಮಾಯವಾಗುತ್ತದೆ. ಕೂದಲು ನಿಲ್ಲುತ್ತದೆ. ಚಪ್ಪಟೆ ಕೋಶಗಳ ಪದರ ಇನ್ನೂ ಸ್ವಲ್ಪ ದೂರ ಮುಂದುವರಿದು, ಮೇಲಿನ ಕೋಶಗಳು ಚಪ್ಪಟೆಯಿಂದ ಘನಾಕಾರಕ್ಕೆ, ಅಲ್ಲಿಂದ ಕಂಬದಂತೆ ಎದ್ದು ನಿಲ್ಲುತ್ತವೆ. ಆಮೇಲೆ ಸಿಲಿಯಾ ಶುರು. ಗಾಳಿಯ ಹೊಡೆತ, ಧೂಳು, ಒಣಗುವಿಕೆ ತಡೆದುಕೊಳ್ಳಬೇಕಾದ ಮುಂಭಾಗಕ್ಕೆ ಒಂದು ಬಗೆ, ಗಾಳಿಯನ್ನು ತೇವ ಮಾಡಿ ಧೂಳು ಹಿಡಿಯಬೇಕಾದ ಒಳಭಾಗಕ್ಕೆ ಇನ್ನೊಂದು ಬಗೆ. ಒಂದು ಅಂಗಾಂಶ ಇನ್ನೊಂದಾಗಿ ಬದಲಾಗುವ ಈ ಕೆಲವೇ ಮಿಲಿಮೀಟರ್ ಜಾಗ ಸಿಕ್ಕಿರುವ ಸ್ಲೈಡ್ ಅಪರೂಪ. ಜೋಪಾನವಾಗಿಡಿ.

ಇನ್ನು ನಾಲ್ಕೈದು ಸಾಲಿನ ವಿಷಯ. ಪುಸ್ತಕ ಹೇಳುವ ‘ಒಂದೇ ಸಾಲು’ ಕೋಶಗಳದ್ದು, ನ್ಯೂಕ್ಲಿಯಸ್‌ಗಳದ್ದಲ್ಲ. ಇದನ್ನು ಸ್ಯೂಡೋಸ್ಟ್ರಾಟಿಫೈಡ್ ಅನ್ನುತ್ತಾರೆ, ಪದರಗಳಿರುವಂತೆ ತೋರುವ ಆದರೆ ಪದರಗಳಿಲ್ಲದ ಎಪಿಥೀಲಿಯಂ (ಹೊದಿಕೆಯ ಅಂಗಾಂಶ). ಪ್ರತಿಯೊಂದು ಕೋಶದ ಕಾಲೂ ತಳಪೊರೆಯ ಮೇಲೇ ಊರಿದೆ. ಆದರೆ ಎಲ್ಲ ಕೋಶಗಳೂ ಮೇಲಿನ ಅಂಚನ್ನು ಮುಟ್ಟುವುದಿಲ್ಲ. ಬುಡದಲ್ಲಿ ಗಿಡ್ಡ ಕೋಶಗಳು ಕೂತಿವೆ, ಹಳೆಯವು ಉದುರಿದಂತೆ ಹೊಸವು ಹುಟ್ಟುವುದು ಅವುಗಳಿಂದ. ಎತ್ತರದ ಕೋಶಗಳಲ್ಲೂ ನ್ಯೂಕ್ಲಿಯಸ್ ಇರುವ ಎತ್ತರ ಬೇರೆ ಬೇರೆ. ಹಾಗಾಗಿ ಕಣ್ಣಿಗೆ ಸಾಲುಗಳು ಕಾಣುತ್ತವೆ.

ಕಾಲು ಊರಿರುವುದು ಸ್ಲೈಡ್‌ನಲ್ಲಿ ಏಕೆ ಕಾಣುವುದಿಲ್ಲ ಎಂದು ಕೇಳಿಯೇ ಕೇಳುತ್ತೀರಿ. ಮೈಕ್ರೋಟೋಮ್‌ನಲ್ಲಿ ನಾವು ಕತ್ತರಿಸುವ ಹಾಳೆ ಸಾಮಾನ್ಯವಾಗಿ 4ರಿಂದ 5 ಮೈಕ್ರೋಮೀಟರ್ ದಪ್ಪ. ಕೋಶ ಅದಕ್ಕಿಂತ ಎಷ್ಟೋ ಪಟ್ಟು ಎತ್ತರ, ಕೆಳಗೆ ಹೋದಂತೆ ಸೊಂಟ ಸಣ್ಣಗಾಗಿ ಪಕ್ಕದ ಕೋಶಗಳ ನಡುವೆ ಬಳುಕುತ್ತಾ ಇಳಿಯುತ್ತದೆ. ಅಷ್ಟು ತೆಳು ಹಾಳೆಯೊಳಗೆ ಒಂದು ಕೋಶ ತಲೆಯಿಂದ ಕಾಲಿನ ತನಕ ಪೂರ್ತಿ ಸಿಗುವುದು ಅದೃಷ್ಟ. ಒಂದರ ತಲೆ, ಇನ್ನೊಂದರ ಹೊಟ್ಟೆ, ಮತ್ತೊಂದರ ಕಾಲು ಸಿಗುತ್ತವೆ. ಹುಲ್ಲಿನ ಕಟ್ಟನ್ನು ಅಡ್ಡ ಓರೆಯಾಗಿ ಒಂದೇ ಏಟಿಗೆ ಸೀಳಿದ ಹಾಗೆ.

ಹಾಗಾದರೆ ನಿಜವಾದ ಪದರಗಳನ್ನು ಇದರಿಂದ ಬೇರ್ಪಡಿಸುವುದು ಹೇಗೆ? ಸಾಲು ಎಣಿಸಲು ಹೋಗಬೇಡಿ. ಮೇಲಿನ ಅಂಚನ್ನು ನೋಡಿ. ನಿಜವಾದ ಚಪ್ಪಟೆ ಪದರಗಳಲ್ಲಿ ಬುಡದ ನ್ಯೂಕ್ಲಿಯಸ್ ದುಂಡಗಿದ್ದು, ಮೇಲೆ ಬಂದಂತೆ ಅಡ್ಡಕ್ಕೆ ಮಲಗಿ ತೆಳ್ಳಗಾಗುತ್ತದೆ. ಸ್ಯೂಡೋಸ್ಟ್ರಾಟಿಫೈಡ್‌ನಲ್ಲಿ ಮೇಲಿನ ನ್ಯೂಕ್ಲಿಯಸ್‌ಗಳೂ ನೆಟ್ಟಗೆ, ಮೊಟ್ಟೆ ನಿಲ್ಲಿಸಿದಂತೆ ಇರುತ್ತವೆ. ಅಂಚಿಗೂ ಮೊದಲ ನ್ಯೂಕ್ಲಿಯಸ್‌ಗೂ ನಡುವೆ ಖಾಲಿ ಗುಲಾಬಿ ಪಟ್ಟಿ ಉಳಿದಿರುತ್ತದೆ. ಅಂಚಿನಲ್ಲಿ ಸಿಲಿಯಾ ಇದ್ದರಂತೂ ಮಾತೇ ಇಲ್ಲ. ಎಲ್ಲಾದರೂ ಒಂದು ಕಡೆ ಸಾಲುಗಳು ಇದ್ದಕ್ಕಿದ್ದಂತೆ ಎಂಟು ಹತ್ತು ಆದರೆ ಅಲ್ಲಿ ಕತ್ತಿ ಓರೆಯಾಗಿ ಹೋಗಿದೆ ಎಂದರ್ಥ, ಆ ಜಾಗ ಬಿಟ್ಟು ಮುಂದೆ ಹೋಗಿ.

ನಿಮ್ಮ ಬಿಳಿ ತೂತುಗಳೇ ಗಾಬ್ಲೆಟ್ ಕೋಶಗಳು. ಅದರೊಳಗಿನ ಲೋಳೆ ಈ ಬಣ್ಣವನ್ನು ಹೀರುವುದಿಲ್ಲ, ಸಂಸ್ಕರಿಸುವಾಗ ಸ್ವಲ್ಪ ಕರಗಿಯೂ ಹೋಗುತ್ತದೆ, ಹಾಗಾಗಿ ಖಾಲಿ ಬಟ್ಟಲಿನಂತೆ ಕಾಣುತ್ತದೆ. ಅದೇ ಅಂಗಾಂಶಕ್ಕೆ ಪಿಎಎಸ್ ಎಂಬ ಸ್ಟೇನ್ ಹಾಕಿದರೆ ಅವೇ ತೂತುಗಳು ಕಡು ಕೆನ್ನೇರಳೆಯಾಗಿ ಎದ್ದು ಕಾಣುತ್ತವೆ. ಹರಿದ ತೂತಿಗೆ ಅಂಚು ಚಿಂದಿಯಾಗಿರುತ್ತದೆ. ಗಾಬ್ಲೆಟ್‌ಗೆ ನುಣುಪಾದ ಅಂಚು, ಕೆಳಗೆ ಒತ್ತಿ ಕೂತ ನ್ಯೂಕ್ಲಿಯಸ್.

ಎಪಿಥೀಲಿಯಂ ಕೆಳಗೂ ಒಮ್ಮೆ ಕಣ್ಣಾಡಿಸಿ. ತೆಳು ಗೋಡೆಯ ದೊಡ್ಡ ದೊಡ್ಡ ರಕ್ತದ ಕುಳಿಗಳು ಇವೆಯೇ? ಇದ್ದರೆ ಮೂಗು ಎನ್ನುವುದಕ್ಕೆ ಇನ್ನೊಂದು ಸಾಕ್ಷಿ. ಒಳಗೆ ಬರುವ ಗಾಳಿಯನ್ನು ಬೆಚ್ಚಗೆ ಮಾಡುವುದು ಈ ಸಿರೆಗಳ ಬಲೆ. ಇವು ರಕ್ತ ತುಂಬಿ ಊದಿಕೊಂಡಾಗಲೇ ನಮಗೆ ಮೂಗು ಕಟ್ಟುವುದು.

ಗಾಜುಪಟ್ಟಿ

ಮೇಡಂ, ತುಂಬಾ ಚೆನ್ನಾಗಿ ಹೇಳಿದಿರಿ. ಸಿಲಿಯಾ ಬಿಡಿಬಿಡಿಯಾಗಿ ಕಾಣದ ವಿಷಯಕ್ಕೆ ಲೆಕ್ಕ ಸೇರಿಸುತ್ತೇನೆ.

ಒಂದು ಸಿಲಿಯಂ ಸುಮಾರು 0.25 ಮೈಕ್ರೋಮೀಟರ್ ದಪ್ಪ, 5ರಿಂದ 7 ಮೈಕ್ರೋಮೀಟರ್ ಉದ್ದ. ಒಂದು ಕೋಶದ ನೆತ್ತಿಯ ಮೇಲೆ ಸುಮಾರು 200 ಇರುತ್ತವೆ. ಎರಡು ಚುಕ್ಕೆಗಳನ್ನು ಬೇರೆ ಬೇರೆಯಾಗಿ ತೋರಿಸಲು ಮಸೂರಕ್ಕೆ ಬೇಕಾದ ಕನಿಷ್ಠ ಅಂತರ, ಬೆಳಕಿನ ತರಂಗಾಂತರವನ್ನು 0.61ರಿಂದ ಗುಣಿಸಿ ಮಸೂರದ ಎನ್‌ಎಯಿಂದ (ಮಸೂರ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎಂಬುದರ ಅಳತೆ) ಭಾಗಿಸಿದಷ್ಟು. ಹಸಿರು ಬೆಳಕಿಗೆ 0.55 ಮೈಕ್ರೋಮೀಟರ್ ಎಂದು ಹಿಡಿಯಿರಿ. 0.65 ಎನ್‌ಎ ಇರುವ ಸಾಮಾನ್ಯ 40ಕ್ಕೆ ಅದು ಸುಮಾರು 0.5 ಮೈಕ್ರೋಮೀಟರ್. 1.25 ಎನ್‌ಎಯ ಎಣ್ಣೆಯ 100ಕ್ಕೆ ಸುಮಾರು 0.27. ಅಂದರೆ 40ರಲ್ಲಿ ಒತ್ತೊತ್ತಾಗಿ ನಿಂತ ಸಿಲಿಯಾ ಮಸುಕು ಅಂಚಾಗಿಯೇ ಕಾಣಬೇಕು. 100ರಲ್ಲಿ ಅಲ್ಲಲ್ಲಿ ಗೀರುಗೀರಾಗಿ ಬಿಡಿಸಿಕೊಳ್ಳುತ್ತದೆ. ನಿಮ್ಮ ಉಪಕರಣದ ದೋಷವಲ್ಲ, ಬೆಳಕಿನ ಮಿತಿ.

ನೀವು ಕಂಡ ಗಾಢ ಗೆರೆಯೇ ಸರಿಯಾದ ಗುರುತು. ಪ್ರತಿ ಸಿಲಿಯಂನ ಬುಡದಲ್ಲೂ ಒಂದು ಬೇಸಲ್ ಬಾಡಿ ಇದೆ, ಅವೆಲ್ಲ ಸಾಲಾಗಿ ನಿಂತು ಗೆರೆಯಂತೆ ತೋರುತ್ತವೆ. ಅಂಚಿಗೆ ಬರೀ ಲೋಳೆ ಅಂಟಿಕೊಂಡಿದ್ದರೆ ಈ ಗೆರೆ ಇರುವುದಿಲ್ಲ.

ಕೆರೆನೀರು

ಶ್ವಾಸನಾಳ ಎಂದದ್ದು ನನ್ನ ತಪ್ಪು, ಕೂದಲಿನ ಮಾತು ಗಮನಿಸಿರಲಿಲ್ಲ. ಒಂದು ಪ್ರಶ್ನೆ ಕೇಳಲೇ? ಕೆನ್ನೆಯಿಂದ ತೆಗೆದ ಹಾಗೆ ಮೂಗಿನಿಂದಲೂ ಹತ್ತಿಕಡ್ಡಿಯಲ್ಲಿ ಕೋಶ ತೆಗೆದರೆ ಸಿಲಿಯಾ ಜೀವಂತವಾಗಿ ಅಲೆಯುವುದನ್ನು ನೋಡಬಹುದಲ್ಲವೇ?

ಪ್ಯಾರಾಫಿನ್

ದಯವಿಟ್ಟು ಬೇಡ. ಮುಂಭಾಗದಲ್ಲಿ ಉಜ್ಜಿದರೆ ಸಿಗುವುದು ಕೆರಾಟಿನ್ ಚೂರು ಮಾತ್ರ, ಮೇಲೆ ಹೇಳಿದೆನಲ್ಲ, ಅಲ್ಲಿ ಸಿಲಿಯಾ ಇಲ್ಲ. ಸಿಲಿಯಾ ಬೇಕೆಂದರೆ ಇನ್ನೂ ಒಳಗೆ ಹೋಗಬೇಕು. ಅಲ್ಲಿಗೆ ಹೋಗುವ ದಾರಿಯಲ್ಲೇ, ನಡುಗೋಡೆಯ ಮುಂಭಾಗದಲ್ಲಿ, ಹಲವು ರಕ್ತನಾಳಗಳು ಬಂದು ಕೂಡುವ ಕೀಸೆಲ್‌ಬಾಕ್ ಜಾಗವಿದೆ. ಮೂಗಿನಿಂದ ರಕ್ತ ಬರುವ ಪ್ರಸಂಗಗಳಲ್ಲಿ ಹೆಚ್ಚಿನವು ಅಲ್ಲಿಂದಲೇ. ಮೂಗಿನ ಬ್ರಷ್ ಪರೀಕ್ಷೆ ಎಂಬುದು ಇದೆ, ಸಿಲಿಯಾ ಸರಿಯಾಗಿ ಅಲುಗುತ್ತಿವೆಯೇ ಎಂದು ನೋಡಲು. ಅದನ್ನು ಮಾಡಬೇಕಾದವರು ವೈದ್ಯರು.

ಅಲೆಯುವ ಸಿಲಿಯಾ ನೋಡುವ ಆಸೆ ನನಗೆ ಅರ್ಥವಾಗುತ್ತದೆ. ಮೂಗಿನಲ್ಲಿ ಅವು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬೀಸಿ, ಮೇಲಿನ ಲೋಳೆಯ ಹೊದಿಕೆಯನ್ನು ನಿಮಿಷಕ್ಕೆ ಕೆಲವು ಮಿಲಿಮೀಟರ್‌ನಂತೆ ಗಂಟಲಿನ ಕಡೆಗೆ ಸಾಗಿಸುತ್ತವೆ. ನಿಮ್ಮ ಹೆಸರೇ ಕೆರೆನೀರು. ಕೆರೆಯ ಏಕಕೋಶ ಜೀವಿ ಪ್ಯಾರಮೀಸಿಯಂ ಹಿಡಿದು ನೋಡಿ. ಒಂಬತ್ತು ಜೋಡಿ ನಳಿಕೆ ಸುತ್ತಲೂ, ಎರಡು ನಡುವೆ, ಇದೇ ಒಳರಚನೆ ಅದರ ಸಿಲಿಯಾದಲ್ಲೂ ಇದೆ.

ಈಗ ಬಾಯಿಯ ಸ್ಲೈಡ್‌ಗೆ ಬರೋಣ. ಹೊಸಮಸೂರ ಅವರೇ, ಬಾಯಿಯ ಒಳಪದರ ಎಲ್ಲ ಕಡೆಯೂ ಒಂದೇ ಅಲ್ಲ. ಕೆನ್ನೆ, ತುಟಿಯ ಒಳಬದಿ, ನಾಲಿಗೆಯ ಅಡಿ, ಬಾಯಿಯ ತಳ, ಮೆದು ಅಂಗುಳ, ಇವು ಹಿಗ್ಗಿ ಕುಗ್ಗಬೇಕಾದ ಜಾಗಗಳು. ಪದರಗಳು ಹಲವಿದ್ದರೂ ಕೆರಾಟಿನ್ ಇಲ್ಲ, ಅಂಚಿನ ಕೋಶದಲ್ಲೂ ನ್ಯೂಕ್ಲಿಯಸ್ ಉಳಿದಿರುತ್ತದೆ. ವಸಡು ಮತ್ತು ಗಟ್ಟಿ ಅಂಗುಳ ಅಗಿಯುವಾಗಿನ ಉಜ್ಜಾಟ ತಾಳಬೇಕು, ಅಲ್ಲಿ ಕೆರಾಟಿನ್ ಇದೆ. ವಸಡಿನಲ್ಲಿ ಬಹಳ ಸಲ ಆ ಕೆರಾಟಿನ್ ಒಳಗೇ ಮುದುಡಿದ ನ್ಯೂಕ್ಲಿಯಸ್ ಚೂರುಗಳು ಕಾಣುತ್ತವೆ. ಗಟ್ಟಿ ಅಂಗುಳದಲ್ಲಿ ಸಾಮಾನ್ಯವಾಗಿ ಪೂರ್ತಿ ಮಾಯ. ನಾಲಿಗೆಯ ಬೆನ್ನಿನದು ಬೇರೆಯೇ ಕಥೆ, ಇಲ್ಲಿ ಬೇಡ.

ಸ್ಲೈಡ್ ಮೇಲೆ ಯಾವ ಪ್ರಾಣಿ ಎಂದು ಬರೆದಿದೆಯೇ? ಇಲಿಯಾದರೆ ಕೆನ್ನೆಯ ಒಳಪದರಕ್ಕೂ ಕೆರಾಟಿನ್ ಇರುತ್ತದೆ. ಬರೆದಿಲ್ಲದಿದ್ದರೆ ಎಪಿಥೀಲಿಯಂ ಕೆಳಗೆ ಏನಿದೆ ಎಂದು ನೋಡಿ ಹೇಳಿ: ಸ್ನಾಯು, ಗ್ರಂಥಿ, ಕೊಬ್ಬು, ಮೂಳೆ, ಯಾವುದು?

ಹೊಸಮಸೂರ

ಮೇಡಂ, ಪ್ರಾಣಿಯ ಹೆಸರಿಲ್ಲ. ಕೆಳಗೆ ಹೋದೆ. ಗುಲಾಬಿ ಪಟ್ಟಿಯ ಕೆಳಗೆ ಪದರಗಳು, ಅವು ಬೆರಳುಗಳಂತೆ ಕೆಳಕ್ಕೆ ಚುಚ್ಚಿಕೊಂಡಿವೆ. ಆಮೇಲೆ ಒತ್ತಾದ ನಾರು. ಅದರ ಕೆಳಗೆ ಬಿಳಿಚಿದ ಗ್ರಂಥಿಗಳ ಗೊಂಚಲು. ಇನ್ನೂ ಕೆಳಗೆ ಏಕಪ್ರಕಾರದ ಗುಲಾಬಿ ಹಲಗೆ, ಅದರಲ್ಲಿ ಸಣ್ಣ ಸಣ್ಣ ಗೂಡುಗಳು. ಸ್ನಾಯು ಕಾಣಲಿಲ್ಲ. ಒಂದು ಸಂಶಯ: ಒಟ್ಟಾರೆ ನ್ಯೂಕ್ಲಿಯಸ್‌ಗಳ ಬಣ್ಣವೇ ಈ ಸ್ಲೈಡ್‌ನಲ್ಲಿ ಪೇಲವ. ಮೇಲಿನ ಪಟ್ಟಿಯಲ್ಲಿ ನ್ಯೂಕ್ಲಿಯಸ್ ಇದ್ದೂ ಬಣ್ಣ ಹಿಡಿಯದೆ ಹೋಗಿರಬಹುದೇ?

ಪ್ಯಾರಾಫಿನ್

ಒಳ್ಳೆಯ ಸಂಶಯ. ಗೂಡುಗಳಿರುವ ಆ ಹಲಗೆ ಮೂಳೆ. ಮೂಳೆಯಿರುವ ತುಂಡನ್ನು ಕತ್ತರಿಸಬೇಕಾದರೆ ಮೊದಲು ಆಮ್ಲದಲ್ಲೋ ಇಡಿಟಿಎ ಎಂಬ ರಾಸಾಯನಿಕದಲ್ಲೋ ನೆನೆಸಿ ಸುಣ್ಣದಂಶ ತೆಗೆಯಬೇಕು. ಆಮ್ಲದಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಹಿಮಟಾಕ್ಸಿಲಿನ್ ಸರಿಯಾಗಿ ಹಿಡಿಯುವುದಿಲ್ಲ, ನ್ಯೂಕ್ಲಿಯಸ್ ಪೇಲವವಾಗುತ್ತದೆ. ನನ್ನ ಕೈಯಲ್ಲೂ ಹಾಗೆ ಕೆಟ್ಟ ತುಂಡುಗಳಿವೆ, ಅದರ ಬೇಸರ ಇನ್ನೂ ನೆನಪಿದೆ. ಆದರೆ ಅದು ಇಡೀ ತುಂಡಿಗೆ ಸಮನಾಗಿ ಆಗುವ ತೊಂದರೆ. ಕೆಳಗಿನ ಪದರದಲ್ಲಿ ನ್ಯೂಕ್ಲಿಯಸ್ ಪೇಲವವಾದರೂ ಕಂಡು, ಮೇಲಿನ ಪಟ್ಟಿಯಲ್ಲಿ ಮಾತ್ರ ಒಂದೂ ಇಲ್ಲ ಎಂದರೆ ಅದು ಕೆರಾಟಿನ್ನೇ. ಪಟ್ಟಿಯ ಕೆಳಗೇ ಕಡುನೀಲಿ ಕಾಳುಗಳಿರುವ ತೆಳು ಪದರ ಸಿಕ್ಕಿದರೆ ಇನ್ನೂ ಗಟ್ಟಿ.

ವಸಡಿನಲ್ಲಿ ಗ್ರಂಥಿ ಇರುವುದಿಲ್ಲ. ಕೆನ್ನೆಯಾಗಿದ್ದರೆ ಕೆಳಗೆ ಸ್ನಾಯು ಸಿಗಬೇಕಿತ್ತು. ಕೆರಾಟಿನ್, ಗ್ರಂಥಿ, ಮೂಳೆ, ಈ ಮೂರೂ ಒಂದೇ ಕಡೆ ಎಂದರೆ ಗಟ್ಟಿ ಅಂಗುಳ, ಅದರಲ್ಲೂ ಹಿಂಭಾಗ.

ಈಗ ಒಂದು ಕೆಲಸ ಮಾಡಿ. ಮೂಳೆಯನ್ನು ದಾಟಿ ಆಚೆ ಹೋಗಿ. ತುಂಡಿನ ಇನ್ನೊಂದು ಅಂಚು ಹರಿಯದೆ ಉಳಿದಿದ್ದರೆ ಅದನ್ನು 40ರಲ್ಲಿ ನೋಡಿ ಬರೆಯಿರಿ. ಏನು ಕಾಣುತ್ತದೆ ಎಂದು ನಾನು ಮೊದಲೇ ಹೇಳುವುದಿಲ್ಲ.

ಹೊಸಮಸೂರ

ಮೇಡಂ, ನೋಡಿ ಕೈ ನಡುಗಿತು. ಆ ಕಡೆಯ ಅಂಚಿನಲ್ಲಿ ಮಖಮಲ್ಲಿನ ಎಳೆ, ಬುಡದಲ್ಲಿ ಗಾಢ ಗೆರೆ, ನೆಟ್ಟಗೆ ನಿಂತ ನ್ಯೂಕ್ಲಿಯಸ್‌ಗಳು, ಎರಡು ಮೂರು ಬಿಳಿ ಬಟ್ಟಲು. ಮೂಗಿನ ಸ್ಲೈಡ್‌ನಲ್ಲಿದ್ದದ್ದೇ! ಬಾಯಿಯ ಚಾವಣಿಯೇ ಮೂಗಿನ ನೆಲ ಎಂಬುದು ಓದಿ ಗೊತ್ತಿತ್ತು. ಬೆರಳಗಲವೂ ಇಲ್ಲದ ತುಂಡಿನಲ್ಲಿ ಒಂದು ಬದಿಗೆ ಕೆರಾಟಿನ್, ಇನ್ನೊಂದು ಬದಿಗೆ ಸಿಲಿಯಾ, ನಡುವೆ ಒಂದು ತೆಳು ಮೂಳೆ ಇರುವುದನ್ನು ಕಣ್ಣಾರೆ ಕಾಣುತ್ತೇನೆ ಎಂದುಕೊಂಡಿರಲಿಲ್ಲ. ಒಂದು ಗಂಟೆ ಆ ಕಡೆ ಈ ಕಡೆ ಓಡಾಡಿಸಿದೆ. ಕೆರಾಟಿನ್ ಕೆಳಗೆ ಕಾಳುಗಳ ಪದರವೂ ಸಿಕ್ಕಿತು.

ಕೆನ್ನೆಯ ಕೋಶಗಳ ಬಗ್ಗೆ ಕೊನೆಯ ಪ್ರಶ್ನೆ. ಅವು ದೊಡ್ಡ ತಟ್ಟೆಗಳಂತಿವೆ, ಸ್ಲೈಡ್‌ನ ಅಂಚಿನಲ್ಲಿರುವವು ಮಾತ್ರ ತೆಳು ಗೆರೆಗಳು. ನಿನ್ನೆ ಮತ್ತೆ ತೆಗೆದಾಗ ನ್ಯೂಕ್ಲಿಯಸ್ ಇಲ್ಲದ ಕೆಲವು ಕೋಶಗಳೂ ಬಂದವು. ಹಲವು ಮಡಚಿಕೊಂಡಿವೆ.

ಗಾಜುಪಟ್ಟಿ

ತಟ್ಟೆಯನ್ನು ಮೇಲಿನಿಂದ ನೋಡುವುದಕ್ಕೂ ಅಂಚಿನಿಂದ ನೋಡುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ. ಅಳೆದೂ ನೋಡಬಹುದು. ನಿಮ್ಮ ಐಪೀಸ್ ಮೇಲೆ ನೋಟದ ವೃತ್ತದ ಅಳತೆ 18 (ಮಿಲಿಮೀಟರ್) ಎಂದಿದ್ದರೆ 40ರಿಂದ ಭಾಗಿಸಿ, 40ರ ಅಬ್ಜೆಕ್ಟಿವ್‌ನಲ್ಲಿ ಕಾಣುವ ವೃತ್ತದ ಅಡ್ಡಳತೆ 0.45 ಮಿಲಿಮೀಟರ್. ಅಡ್ಡಕ್ಕೆ ಏಳು ಕೋಶ ಹಿಡಿದರೆ ಒಂದೊಂದು ಸುಮಾರು 64 ಮೈಕ್ರೋಮೀಟರ್.

ಮಡಚುವುದು ಒಣಗುವುದರಿಂದ. ಸ್ಲೈಡ್ ಮೇಲೆ ಮೊದಲೇ ಒಂದು ಹನಿ 0.9 ಶೇಕಡಾ ಉಪ್ಪುನೀರು ಇಟ್ಟು, ಕಡ್ಡಿಯನ್ನು ಉಜ್ಜದೆ ಅದರಲ್ಲಿ ಉರುಳಿಸಿ. ಬಣ್ಣ ತೆಳುವಾಗಿರಲಿ. ಕೋಶದ ಮೇಲೆ ಕಾಣುವ ಚಿಕ್ಕ ನೀಲಿ ಚುಕ್ಕೆಗಳು ಬಾಯಿಯ ಬ್ಯಾಕ್ಟೀರಿಯಾ, ಕೊಳೆಯಲ್ಲ. ಬಳಸಿದ ಕಡ್ಡಿ, ಸ್ಲೈಡ್ ಬ್ಲೀಚ್ ನೀರಿಗೆ ಹಾಕಿ.

ಪ್ಯಾರಾಫಿನ್

ನ್ಯೂಕ್ಲಿಯಸ್ ಇಲ್ಲದವು ಬಂದದ್ದು ಬಹುಶಃ ಮೇಲಿನ, ಕೆಳಗಿನ ಹಲ್ಲುಗಳು ಕೂಡುವ ಮಟ್ಟದಲ್ಲಿ ಉಜ್ಜಿದ್ದರಿಂದ. ಹಲವರಿಗೆ ಕೆನ್ನೆಯೊಳಗೆ ಅಲ್ಲಿ ಒಂದು ಬಿಳಿ ಗೆರೆ ಇರುತ್ತದೆ. ಹಲ್ಲು ದಿನವೂ ಉಜ್ಜುವುದರಿಂದ ಆ ಪಟ್ಟಿ ಮಾತ್ರ ಕೆರಾಟಿನ್ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ಸ್ವಲ್ಪ ಮೇಲಿನಿಂದ ತೆಗೆಯಿರಿ.

ಬಾಯಿಯ ಸ್ಲೈಡ್‌ನ ಚೀಟಿ ಕಿತ್ತು ‘ಗಟ್ಟಿ ಅಂಗುಳ, ಎರಡೂ ಬದಿ’ ಎಂದು ಬರೆದು ಅಂಟಿಸಿ.

ಹೊಸಮಸೂರ

ಅಂಟಿಸಿದೆ ಮೇಡಂ. ಮೇಲಿನಿಂದ ತೆಗೆದ ಕೋಶಗಳಲ್ಲಿ ಎಣಿಸಿದ ಐವತ್ತರಲ್ಲೂ ನ್ಯೂಕ್ಲಿಯಸ್ ಇದೆ. ನನ್ನ ಐಪೀಸ್ ಕೂಡ 18ರದ್ದೇ, ಅಡ್ಡಕ್ಕೆ ಏಳು ಹಿಡಿದವು.